ಕಡಿಮೆ ಬಾಡಿಗೆಯ ದೂರದ ಮನೆ: ಉಳಿಸುವವರು ಯಾರು, ತೆರುವವರು ಯಾರು?

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ತುಂಬುವ ಹೊತ್ತಿಗೆ ಕೆಜಿಎಫ್‌ನ ಬೀದಿಗಳಲ್ಲಿ ಇನ್ನೂ ನಸುಗತ್ತಲು. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಹಳೆಯ ಗಣಿಗಳ ಹೆಸರು ಹೊತ್ತ ಪುಟ್ಟ ನಿಲ್ದಾಣಗಳಲ್ಲಿ ಜನ ಹತ್ತುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಕುತ್ತಿಗೆಯಲ್ಲಿ ಕಂಪನಿಯ ಐಡಿ ಕಾರ್ಡು. ಬಂಗಾರಪೇಟೆ, ಮಾಲೂರು ದಾಟಿ ವೈಟ್‌ಫೀಲ್ಡ್, ಕೆ.ಆರ್. ಪುರ, ಕಂಟೋನ್ಮೆಂಟ್ ಎಂದು ಒಬ್ಬೊಬ್ಬರೇ ಇಳಿದುಕೊಳ್ಳುತ್ತಾರೆ. ಊರಿಂದ ಊರಿಗೆ ಸುಮಾರು ನೂರು ಕಿಲೋಮೀಟರು. ಸಂಜೆ ಮತ್ತೆ ಅಷ್ಟೇ ದೂರ ವಾಪಸು.

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅದಕ್ಕೆ ಮೊದಲು ನೂರು ವರ್ಷಕ್ಕೂ ಮಿಕ್ಕಿ ಆ ಊರಿನವರ ದುಡಿಮೆ ಅವರ ಮನೆಯ ಕೆಳಗೇ, ನೆಲದ ಆಳದಲ್ಲಿ ಇತ್ತು. ಗಣಿ ನಿಂತಿತು, ಕೆಲಸ ಹೋಯಿತು, ಮನೆಗಳು ಉಳಿದವು. ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳ ಮುಂದೆ ಎರಡು ದಾರಿಗಳಿದ್ದವು. ಬೆಂಗಳೂರಿನಲ್ಲಿ ಅಡ್ವಾನ್ಸು ಕೊಟ್ಟು ಬಾಡಿಗೆಮನೆ ಹಿಡಿಯುವುದು ಒಂದು. ಸೀಸನ್ ಟಿಕೆಟ್ ಮಾಡಿಸಿಕೊಂಡು ದಿನಾ ಓಡಾಡುವುದು ಇನ್ನೊಂದು. ರೈಲ್ವೆಯ ಮಾಸಿಕ ಸೀಸನ್ ಟಿಕೆಟ್ 150 ಕಿಲೋಮೀಟರಿನವರೆಗೆ ಸಿಗುತ್ತದೆ, ಅದರ ದರ ಬೆಂಗಳೂರಿನ ಬಾಡಿಗೆಯ ಎದುರು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಸಾವಿರಾರು ಮಂದಿ ಎರಡನೆಯ ದಾರಿ ಹಿಡಿದರು. ತುಮಕೂರು, ರಾಮನಗರ, ಮಂಡ್ಯ, ಹಿಂದೂಪುರಗಳಿಂದ ಬರುವವರದೂ ಇದೇ ಕಥೆ.

ಇವರೆಲ್ಲ ಲೆಕ್ಕ ಗೊತ್ತಿಲ್ಲದೆ ದೂರದಲ್ಲಿ ಉಳಿದವರಲ್ಲ. ಬಾಡಿಗೆ ಎಷ್ಟು ಉಳಿಯುತ್ತದೆ, ನಿದ್ದೆ ಎಷ್ಟು ಹೋಗುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಈಗ ಅದೇ ಲೆಕ್ಕಕ್ಕೆ ಇನ್ನೊಂದು ದೊಡ್ಡ ವರ್ಗ ಬಂದು ನಿಂತಿದೆ. ಬೆಳ್ಳಂದೂರಿನಲ್ಲೋ ಎಚ್‌ಎಸ್‌ಆರ್ ಬಡಾವಣೆಯಲ್ಲೋ ಬಾಡಿಗೆ ಏರಿಸಿದರು ಎಂದು ಚಂದಾಪುರ, ಅತ್ತಿಬೆಲೆ, ಹೊಸಕೋಟೆ, ನೆಲಮಂಗಲ, ಬಿಡದಿ ಕಡೆ ಮನೆ ಹುಡುಕುವ ಗಂಡ ಹೆಂಡತಿ. ಊರಾಚೆ ಸೈಟು ಕೊಂಡು ಕಟ್ಟಿಸಲೋ ಬೇಡವೋ ಎಂದು ತೂಗುತ್ತಿರುವ ಮೇಷ್ಟ್ರು. ಮದುವೆಯಾದ ಮೇಲೆ ಪೀಜಿ ಬಿಟ್ಟು ಸಂಸಾರ ಹೂಡಬೇಕಾದ ಹುಡುಗ. ಇವರು ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ಬಾಡಿಗೆಯ ವ್ಯತ್ಯಾಸ ಎಂಬ ಸ್ಪಷ್ಟ ಅಂಕಿ ಇರುತ್ತದೆ. ಇನ್ನೊಂದು ತಟ್ಟೆಯಲ್ಲಿ ಏನೇನಿದೆ ಎಂದು ಪೂರ್ತಿ ಎಣಿಸುವವರು ಕಡಿಮೆ. ಅದನ್ನು ಎಣಿಸುವುದೇ ಈ ಬರಹದ ಕೆಲಸ.

ಅರ್ಥಶಾಸ್ತ್ರಕ್ಕೆ ಇದು ಹಳೆಯ ಪ್ರಶ್ನೆ. ಜರ್ಮನಿಯ ಜಮೀನುದಾರ ಯೋಹಾನ್ ಹೈನ್ರಿಷ್ ಫಾನ್ ಟ್ಯೂನನ್ 1826ರಲ್ಲೇ ಪೇಟೆಗೆ ಸಾಗಿಸುವ ಖರ್ಚು ಹೆಚ್ಚಿದಷ್ಟೂ ಜಮೀನಿನ ಗೇಣಿ ಇಳಿಯುತ್ತದೆ ಎಂದು ತೋರಿಸಿದ. 1964ರಲ್ಲಿ ವಿಲಿಯಂ ಅಲೊನ್ಸೊ ಆ ತರ್ಕವನ್ನು ನಗರದ ಮನೆಗಳಿಗೆ ಒಗ್ಗಿಸಿದ. ಕೆಲಸದ ಜಾಗಕ್ಕೆ ಹತ್ತಿರವಿದ್ದರೆ ಬಾಡಿಗೆ ಹೆಚ್ಚು, ದೂರವಿದ್ದರೆ ಓಡಾಟದ ಖರ್ಚು ಹೆಚ್ಚು. ಎರಡನ್ನೂ ಕೂಡಿದರೆ ಒಂದಕ್ಕೊಂದು ಸರಿಹೋಗಿ ಎಲ್ಲಿದ್ದರೂ ಮನುಷ್ಯನ ನೆಮ್ಮದಿ ಒಂದೇ ಎನ್ನುವುದು ಆ ಮಾದರಿಯ ಸಾರ. ಹಾಗಿದ್ದರೆ ಚಿಂತೆಯೇ ಇಲ್ಲ, ಪೇಟೆಯೇ ನಮ್ಮ ಪರವಾಗಿ ಲೆಕ್ಕ ಹಾಕಿ ಮುಗಿಸಿದೆ.

ಬದುಕು ಹಾಗಿದೆಯೇ ಎಂದು ಪರೀಕ್ಷಿಸಿದವರು ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್. ಜರ್ಮನಿಯ ಕುಟುಂಬಗಳನ್ನು ವರ್ಷವರ್ಷವೂ ಮಾತನಾಡಿಸುವ ಒಂದು ದೊಡ್ಡ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು 2008ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಹೇಳಿದ್ದು ಇದು: ಹೆಚ್ಚು ಹೊತ್ತು ಓಡಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಳ್ಳುತ್ತಾರೆ. ದೂರಕ್ಕೆ ಪ್ರತಿಯಾಗಿ ಸಿಗಬೇಕಿದ್ದ ಅಗ್ಗದ ಮನೆ, ಒಳ್ಳೆಯ ಸಂಬಳ ಆ ನಷ್ಟವನ್ನು ಪೂರ್ತಿ ತುಂಬಿಕೊಡುತ್ತಿಲ್ಲ. ಪುಸ್ತಕದಲ್ಲಿ ಸರಿಹೋಗುವ ತಕ್ಕಡಿ ಬದುಕಿನಲ್ಲಿ ವಾಲುತ್ತದೆ. ಯಾಕೆ? ನನಗೆ ಕಾಣುವ ಕಾರಣಗಳು ಎರಡು. ಲೆಕ್ಕ ಹಾಕುವಾಗ ನಾವು ಓಡಾಟದ ಬೆಲೆಯನ್ನು ಕಡಿಮೆ ಹಿಡಿಯುತ್ತೇವೆ. ಅದಕ್ಕಿಂತ ಮುಖ್ಯವಾಗಿ, ಉಳಿತಾಯ ಒಬ್ಬರ ಕೈಸೇರಿ ಬೆಲೆಯನ್ನು ಇನ್ನೊಬ್ಬರು ತೆರುತ್ತಿರುತ್ತಾರೆ.

ಮೊದಲನೆಯದನ್ನು ಒಂದು ಉದಾಹರಣೆಯಿಂದ ನೋಡೋಣ. ಅಂಕಿಗಳು ತಿಳಿವಳಿಕೆಗೆಂದು ನಾನು ಇಟ್ಟುಕೊಂಡವು, ನಿಮ್ಮ ಮನೆಯ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಿ. ಆಫೀಸಿಗೆ ಹತ್ತಿರದ ಎರಡು ಕೋಣೆಯ ಮನೆಗೆ 28,000 ರೂಪಾಯಿ ಬಾಡಿಗೆ, ದೂರದ ಅಂಥದೇ ಮನೆಗೆ 16,000. ತಿಂಗಳಿಗೆ 12,000 ಉಳಿತಾಯ. ದೂರದ ಮನೆಯಿಂದ ದಿನಕ್ಕೆ ಹೆಚ್ಚುವರಿ 40 ಕಿಲೋಮೀಟರು, ಹೋಗಿಬರುವುದು ಸೇರಿ ಹೆಚ್ಚುವರಿ ಎರಡು ಗಂಟೆ. ತಿಂಗಳಿಗೆ 24 ದಿನ ಕೆಲಸ ಎಂದರೆ 960 ಕಿಲೋಮೀಟರು, 48 ಗಂಟೆ. ಲೀಟರಿಗೆ 45 ಕಿಲೋಮೀಟರು ಕೊಡುವ ಬೈಕಾದರೆ ಪೆಟ್ರೋಲಿಗೆ ಸುಮಾರು 2,200, ಸರ್ವಿಸು ಟಯರು ಎಂದು 500. ಕೈಯಲ್ಲಿ ಉಳಿಯುವುದು 9,300. ಅದನ್ನು 48 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 194 ರೂಪಾಯಿ. ತಿಂಗಳಿಗೆ 40,000 ಸಂಬಳದವರಿಗೆ ಒಂದು ಗಂಟೆಯ ದುಡಿಮೆಗೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಪ್ರಯಾಣದ ಸಮಯಕ್ಕೆ ಬೆಲೆ ಕಟ್ಟುವಾಗ ಸಾರಿಗೆ ತಜ್ಞರು ಸಾಮಾನ್ಯವಾಗಿ ಕೂಲಿಯ ಅರ್ಧದಷ್ಟು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಇಲ್ಲಿಯವರೆಗೆ ದೂರದ ಮನೆಯೇ ಲಾಭ.

ಈಗ ಮನೆಯಲ್ಲಿ ಇಬ್ಬರು ದುಡಿಯುತ್ತಾರೆ ಎಂದುಕೊಳ್ಳಿ. ಬಾಡಿಗೆಯ ಉಳಿತಾಯ ಅದೇ 12,000, ಅದು ಎರಡಾಗುವುದಿಲ್ಲ. ಓಡಾಟದ ಖರ್ಚು ಮಾತ್ರ 5,400, ಕಳೆಯುವ ಸಮಯ 96 ಗಂಟೆ. ಉಳಿದ 6,600 ರೂಪಾಯಿಯನ್ನು ಭಾಗಿಸಿದರೆ ಗಂಟೆಗೆ 69. ಇಬ್ಬರು ವಿದ್ಯಾವಂತರು ತಿಂಗಳಿಗೆ ನಾಲ್ಕು ಹಗಲು ರಾತ್ರಿಗಳಷ್ಟು ಸಮಯವನ್ನು ಗಂಟೆಗೆ 69 ರೂಪಾಯಿಯಂತೆ ಮಾರುತ್ತಿದ್ದಾರೆ. ಮಗುವಿನ ಶಾಲೆಯ ವ್ಯಾನು ದುಬಾರಿಯಾದರೆ, ರಾತ್ರಿ ತಡವಾಗಿ ತಿಂಗಳಿಗೆ ನಾಲ್ಕು ಸಲ ಆಟೊ ಹಿಡಿಯಬೇಕಾದರೆ, ಅಡುಗೆ ಮಾಡುವಷ್ಟು ತ್ರಾಣ ಉಳಿಯದೆ ವಾರಕ್ಕೆರಡು ಸಲ ಹೊರಗಿನಿಂದ ತರಿಸಿದರೆ ಆ 69 ಕೂಡ ನಿಲ್ಲುವುದಿಲ್ಲ. ಒಬ್ಬರೇ ದುಡಿಯುವ ಕಾಲದಲ್ಲಿ ಹುಟ್ಟಿದ ಲೆಕ್ಕವನ್ನು ಇಬ್ಬರು ದುಡಿಯುವ ಮನೆಗೆ ಹಾಗೆಯೇ ಹಚ್ಚಿದರೆ ಆಗುವುದು ಇದು.

ಬೈಕಿನ ಬದಲು ಮೆಟ್ರೊ ಹಿಡಿಯುತ್ತೇವೆ ಎಂದರೆ ಅದಕ್ಕೂ ಲೆಕ್ಕವಿದೆ. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಆ ದರದಲ್ಲಿ ಹೋಗಿಬರಲು 180, ಇಪ್ಪತ್ನಾಲ್ಕು ದಿನಕ್ಕೆ 4,320. ನಿಲ್ದಾಣದವರೆಗಿನ ಆಟೊ ಅಥವಾ ನಿಲ್ದಾಣದಲ್ಲಿ ಗಾಡಿ ನಿಲ್ಲಿಸುವ ಶುಲ್ಕ ಬೇರೆ.

ಹಣದ ಲೆಕ್ಕ ಇಷ್ಟಾದರೆ ಮನಸ್ಸಿನದು ಬೇರೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಸ್‌ನಲ್ಲಿ 909 ದುಡಿಯುವ ಹೆಣ್ಣುಮಕ್ಕಳನ್ನು, ಹಿಂದಿನ ದಿನದ ಒಂದೊಂದು ಕೆಲಸ ಮಾಡುವಾಗಲೂ ಮನಸ್ಸು ಹೇಗಿತ್ತು ಎಂದು ಕೇಳಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನದ ಎಲ್ಲ ಕೆಲಸಗಳ ಪೈಕಿ ಅತಿ ಕೆಳಗೆ ಬಂದದ್ದು ಬೆಳಗಿನ ಪ್ರಯಾಣ. ಮನೆಗೆಲಸ, ಆಫೀಸಿನ ಕೆಲಸ ಎರಡೂ ಅದಕ್ಕಿಂತ ಮೇಲಿದ್ದವು.

ಎಲ್ಲ ಪ್ರಯಾಣವೂ ಒಂದೇ ಬಗೆಯದಲ್ಲ ಎಂಬುದನ್ನು ಮಾತ್ರ ಇಲ್ಲಿ ಒತ್ತಿ ಹೇಳಬೇಕು. ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ಒಂದೂವರೆ ಗಂಟೆಯಲ್ಲಿ ಒಬ್ಬರು ಕೆಪಿಎಸ್‌ಸಿಗೆ ಓದುತ್ತಾರೆ, ಇನ್ನೊಬ್ಬರು ನಿದ್ದೆ ಮುಗಿಸುತ್ತಾರೆ, ನಾಲ್ವರು ಸೇರಿ ಹರಟುತ್ತಾರೆ, ಹೂ ಕಟ್ಟುವವರಿದ್ದಾರೆ, ಸೊಪ್ಪು ಬಿಡಿಸುವವರಿದ್ದಾರೆ. ಅದೇ ಒಂದೂವರೆ ಗಂಟೆ ಬೈಕಿನ ಮೇಲೆ ಸಿಲ್ಕ್ ಬೋರ್ಡ್ ದಾಟುವುದರಲ್ಲಿ ಕಳೆದರೆ ಬೆನ್ನು, ಮಣಿಕಟ್ಟು, ಶ್ವಾಸಕೋಶ ಎಲ್ಲವೂ ಕೆಲಸ ಮಾಡಿ ದಣಿದಿರುತ್ತವೆ, ಕೈಗೆ ಬಂದದ್ದೇನೂ ಇರುವುದಿಲ್ಲ. ಆದ್ದರಿಂದ ಮನೆ ನೋಡುವಾಗ ಕಿಲೋಮೀಟರು ಕೇಳುವ ಮೊದಲು, ಕೂತು ಹೋಗಬಹುದೇ ಎಂದು ಕೇಳುವುದು ಮೇಲು. ದಾರಿಯಲ್ಲಿ ಮೊದಲು ಹತ್ತುವ ನಿಲ್ದಾಣದವರಿಗೆ ಸಿಗುವ ಸೀಟು ಮೂರನೆಯ ನಿಲ್ದಾಣದವರಿಗೆ ಸಿಗುವುದಿಲ್ಲ. ತುಸು ಹೆಚ್ಚು ದೂರವೇ ಆದರೂ ಮೊದಲ ನಿಲ್ದಾಣದ ಪಕ್ಕದ ಮನೆ ನನ್ನ ಮಟ್ಟಿಗೆ ಉತ್ತಮ.

ಇನ್ನೊಂದು ಸಂಗತಿ ಖಚಿತತೆ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಲಂಡನ್ ಬಿಟ್ಟರೆ ಜಗತ್ತಿನಲ್ಲೇ ಅತಿ ನಿಧಾನದ ನಗರ ನಮ್ಮದಾಗಿತ್ತು. ಆದರೆ ಸರಾಸರಿಯಲ್ಲಿ ಯಾರೂ ಪ್ರಯಾಣ ಮಾಡುವುದಿಲ್ಲ. ನಲವತ್ತು ನಿಮಿಷದ ದಾರಿ ಒಂದು ಮಳೆಗೆ, ಕೆಟ್ಟು ನಿಂತ ಒಂದು ಲಾರಿಗೆ ನೂರು ನಿಮಿಷವಾಗುತ್ತದೆ. ಬಯೋಮೆಟ್ರಿಕ್ ಹಾಜರಿ ಇರುವವರು ಆ ನೂರು ನಿಮಿಷವನ್ನೇ ಮನಸ್ಸಿನಲ್ಲಿಟ್ಟುಕೊಂಡು ದಿನಾ ಮನೆ ಬಿಡಬೇಕು. ಹೊಸ ಮನೆಯ ಗಾಳಿ ಬೆಳಕು, ಅಗಲವಾದ ಹಾಲು ಮೂರು ತಿಂಗಳಲ್ಲಿ ಮಾಮೂಲಾಗುತ್ತವೆ. ಇವತ್ತು ಎಷ್ಟು ಹೊತ್ತಾಗುತ್ತದೋ ಎಂಬ ಆತಂಕ ಮಾತ್ರ ಮಾಮೂಲಾಗುವುದಿಲ್ಲ, ಯಾಕೆಂದರೆ ಅದು ದಿನಕ್ಕೊಂದು ರೂಪದಲ್ಲಿ ಬರುತ್ತದೆ. ಮೆಟ್ರೊ ತಂದ ದೊಡ್ಡ ಬದಲಾವಣೆ ಇಲ್ಲೇ ಇರುವುದು. 2023ರ ಅಕ್ಟೋಬರ್ 9ರಂದು ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ತಿಯಾದ ಮೇಲೆ ಕೆಂಗೇರಿಯವರು ವೈಟ್‌ಫೀಲ್ಡಿನ ಕೆಲಸಕ್ಕೆ ಹೋಗುವುದು ಸಾಧ್ಯವಾಯಿತು. ಅದು ಈಗಲೂ ದೂರವೇ, ಸುಮಾರು 43 ಕಿಲೋಮೀಟರಿನ ಮಾರ್ಗ. ಆದರೆ ಎಷ್ಟು ಗಂಟೆಗೆ ತಲುಪುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಡಬಹುದು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೂ ಆ ಖಚಿತತೆ ಸಿಕ್ಕಿತು.

ಇನ್ನು ಎರಡನೆಯ ಕಾರಣ, ಬೆಲೆ ತೆರುವವರು ಯಾರು ಎಂಬುದು. ನನಗೆ ಇದೇ ಈ ವಿಷಯದ ತಿರುಳು.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ; ಗಂಡಸರಲ್ಲಿ ಆ ಕೆಲಸ ಮಾಡುವವರೇ ಕಡಿಮೆ, ಮಾಡುವವರು ಕೊಡುವುದು 97 ನಿಮಿಷ. ದೂರದ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಡಬೇಕೆಂದರೆ ತಿಂಡಿ, ಎರಡು ಮೂರು ಡಬ್ಬಿ, ಮಗುವಿನ ಜಡೆ, ಅತ್ತೆಯ ಮಾತ್ರೆ ಎಲ್ಲವೂ ಅದಕ್ಕೆ ಮೊದಲು ಮುಗಿಯಬೇಕು. ಗಂಡನ ಪ್ರಯಾಣ ಒಂದು ಗಂಟೆ ಹೆಚ್ಚಾದರೆ ಹೆಂಡತಿಯ ದಿನ ಒಂದು ಗಂಟೆ ಮೊದಲು ಶುರುವಾಗುತ್ತದೆ, ಅವಳು ಕೆಲಸಕ್ಕೆ ಹೋಗದಿದ್ದರೂ. ಅವಳೂ ದುಡಿಯುವವಳಾದರೆ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯುತ್ತದೆ. ಮಗುವಿಗೆ ಜ್ವರ ಎಂದು ಶಾಲೆಯಿಂದ ಫೋನು ಬಂದಾಗ ಅರ್ಧ ಗಂಟೆಯಲ್ಲಿ ತಲುಪಬಲ್ಲವರು ಒಬ್ಬರಾದರೂ ಬೇಕು. ಇಬ್ಬರೂ ದೂರವಿದ್ದರೆ ಒಬ್ಬರು ಕೆಲಸ ಬಿಡುತ್ತಾರೆ, ಇಲ್ಲವೇ ಮನೆ ಹತ್ತಿರದ ಕಡಿಮೆ ಸಂಬಳದ ಕೆಲಸಕ್ಕೆ ಸೇರುತ್ತಾರೆ. ಆ ಒಬ್ಬರು ಸಾಮಾನ್ಯವಾಗಿ ಯಾರು ಎಂದು ಹೇಳಬೇಕಾಗಿಲ್ಲ. ಬಾಡಿಗೆಯಲ್ಲಿ 12,000 ಉಳಿಸಲು ಹೋಗಿ 25,000ದ ಸಂಬಳವೊಂದನ್ನು ಬಿಟ್ಟುಕೊಟ್ಟ ಮನೆಗಳು ನಮ್ಮ ಸುತ್ತಲೇ ಇವೆ. ಆ ನಷ್ಟ ಮನೆ ಹುಡುಕುವ ದಿನ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಬಡವರ ಮಟ್ಟಿಗೆ ಇದು ಇನ್ನೂ ಕಠಿಣ. ಅಹಮದಾಬಾದಿನಲ್ಲಿ ನಡೆದ ಒಂದು ಪ್ರಕರಣವನ್ನು ನಗರ ಯೋಜನೆಯವರೆಲ್ಲ ಓದಬೇಕು ಎಂದು ನನಗೆ ಅನ್ನಿಸುತ್ತದೆ. 1987ರಲ್ಲಿ ಅಲ್ಲಿನ ‘ಸೇವಾ’ ಎಂಬ ದುಡಿಯುವ ಮಹಿಳೆಯರ ಸಂಘಟನೆಯ ಸದಸ್ಯರಾದ, ಕೊಳೆಗೇರಿಗಳಲ್ಲಿ ಬದುಕುತ್ತಿದ್ದ ಹೆಣ್ಣುಮಕ್ಕಳಿಗೆ ನಗರದ ಅಂಚಿನಲ್ಲಿ ಹೊಸ ಮನೆಗಳನ್ನು ಲಾಟರಿ ಎತ್ತಿ ಹಂಚಲಾಯಿತು. ಮನೆಗಳು ಹಳೆಯ ಜಾಗಕ್ಕಿಂತ ಎಷ್ಟೋ ಚೆನ್ನಾಗಿದ್ದವು. ನಗರದ ಮಧ್ಯದಿಂದ ಸುಮಾರು 12 ಕಿಲೋಮೀಟರು ದೂರ. ಹದಿನಾಲ್ಕು ವರ್ಷಗಳ ನಂತರ ಶ್ಯಾರನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಎಂಬ ಮೂವರು ಅರ್ಥಶಾಸ್ತ್ರಜ್ಞೆಯರು ಗೆದ್ದವರನ್ನೂ ಸೋತವರನ್ನೂ ಹೋಲಿಸಿ ನೋಡಿದರು. ಗೆದ್ದವರಲ್ಲಿ 34 ಪ್ರತಿಶತ ಮಂದಿ ಆ ಮನೆಗೆ ಹೋಗಲೇ ಇಲ್ಲ. ಇನ್ನೂ 32 ಪ್ರತಿಶತ ಹೋಗಿ, ಕೊನೆಗೆ ಬಿಟ್ಟು ಬಂದರು. ಕುಟುಂಬದ ಆದಾಯದಲ್ಲಾಗಲಿ ಮಕ್ಕಳ ಬದುಕಿನಲ್ಲಾಗಲಿ ಸೋತವರಿಗಿಂತ ಗೆದ್ದವರು ಮುಂದೆ ಬಂದಿರಲಿಲ್ಲ. ಬದಲಿಗೆ ನೆಂಟರಿಂದ, ಜಾತಿಬಂಧುಗಳಿಂದ ದೂರವಾಗಿ ಕಷ್ಟಕಾಲಕ್ಕೆ ಸಿಗುವ ಕೈಸಾಲ, ನೆರವು ಕಡಿಮೆಯಾಗಿತ್ತು. ಒಳ್ಳೆಯ ಮನೆ ಅಗ್ಗಕ್ಕೆ ಸಿಕ್ಕರೂ ಮೂರರಲ್ಲಿ ಇಬ್ಬರು ಬೇಡವೆಂದರು. ಅವರ ಅರಿವಿಗೆ ನಾವು ಬೆಲೆ ಕೊಡಬೇಕು.

ಬೆಂಗಳೂರಿನಲ್ಲೂ ಕೊಳೆಗೇರಿ ತೆರವು ಮಾಡಿ ಊರಾಚೆ ವಸತಿ ಸಮುಚ್ಚಯ ಕಟ್ಟಿಕೊಟ್ಟಾಗ ಇದೇ ಆಗುತ್ತದೆ. ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ದುಡಿಮೆ ನಿಂತಿರುವುದು ಆ ನಾಲ್ಕೂ ಮನೆಗಳು ನಡೆದು ಹೋಗುವಷ್ಟು ಹತ್ತಿರ ಇರುವುದರ ಮೇಲೆ. ಒಂದು ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ ಬಾ ಎನ್ನುತ್ತಾರೆ, ಇನ್ನೊಂದರಲ್ಲಿ ಮಧ್ಯಾಹ್ನ ಮೂರಕ್ಕೆ. ಹದಿನೈದು ಕಿಲೋಮೀಟರು ದೂರಕ್ಕೆ ಕಳಿಸಿದರೆ ಆರೂವರೆಯ ಮನೆ ತಪ್ಪಿಹೋಗುತ್ತದೆ. ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಬಸ್ಸಿನ ದುಡ್ಡಾದರೂ ಉಳಿದಿದೆ. ಗಾರ್ಮೆಂಟ್ಸ್ ಕಾರ್ಖಾನೆಗೆ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಅದು ಸಣ್ಣ ಮೊತ್ತವಲ್ಲ. ದೂರದ ಮನೆಯ ಲೆಕ್ಕದಲ್ಲಿ ಹಣದ ಸಾಲನ್ನು ಅದು ಅಳಿಸಿತು. ಸಮಯದ ಸಾಲು ಹಾಗೇ ಇದೆ.

ಊರಾಚೆಯ ಮನೆಗಳಿಗೆ ಅವುಗಳದ್ದೇ ಆದ ಖರ್ಚೂ ಇರುತ್ತದೆ. ಅದರಲ್ಲಿ ಮೊದಲನೆಯದು ನೀರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನವರು ಕೇಳಿದ ರೇಟು ತಾಳಲಾರದೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು: ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಕಾವೇರಿ ಸಂಪರ್ಕ ಇರುವ ಹಳೆಯ ಬಡಾವಣೆಗಳಲ್ಲೂ ಆ ಬೇಸಿಗೆ ಸಲೀಸಾಗಿರಲಿಲ್ಲ ನಿಜ. ಪೂರ್ತಿ ಬೋರ್‌ವೆಲ್ಲನ್ನೇ ನಂಬಿದ ಹೊರವಲಯದವರು ಪಟ್ಟ ಪಾಡು ಬೇರೆಯೇ. ‘ಇನ್ನೆರಡು ವರ್ಷ ಸಾರ್, ಕಾವೇರಿ ಬಂದ್ಬಿಡುತ್ತೆ, ಆಮೇಲೆ ಈ ರೇಟಿಗೆ ಸಿಗಲ್ಲ’ ಎಂದು ಬ್ರೋಕರುಗಳು ಹೇಳುವುದನ್ನು ಕೇಳದವರಿಲ್ಲ. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವೆ ಹದಿನೇಳು ವರ್ಷ. ಆ ಹದಿನೇಳು ವರ್ಷದಲ್ಲಿ ಒಂದು ಮಗು ಅಂಗನವಾಡಿಯಿಂದ ಡಿಗ್ರಿಯವರೆಗೆ ಓದಿ ಮುಗಿಸುತ್ತದೆ. ಮುಂದೆ ಬರುತ್ತದೆ ಎನ್ನುವ ಯಾವುದಕ್ಕೂ ಇವತ್ತಿನ ಲೆಕ್ಕದಲ್ಲಿ ಜಾಗ ಕೊಡಬೇಡಿ.

ಕೊಳ್ಳುವವರ ಪ್ರಶ್ನೆ ಬಾಡಿಗೆಯವರಿಗಿಂತ ಗಂಭೀರ. ದೂರದ ಮನೆ 20 ಲಕ್ಷ ರೂಪಾಯಿ ಕಡಿಮೆಗೆ ಸಿಗುತ್ತದೆ ಎಂದರೆ, ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಸಾಲಕ್ಕೆ ಇಎಂಐಯಲ್ಲಿ ತಿಂಗಳಿಗೆ ಸುಮಾರು 17,350 ಉಳಿಯುತ್ತದೆ. ಇದು ಹಗುರವಾಗಿ ತಳ್ಳಿಹಾಕುವ ಮೊತ್ತವಲ್ಲ. ಆದರೆ ಇಪ್ಪತ್ತು ವರ್ಷ ಅದೇ ಆಫೀಸಿಗೆ ಹೋಗುವವರು ಈಗ ಎಷ್ಟು ಜನ? ಬೆಂಗಳೂರಿಗೆ ಒಂದೇ ಕೇಂದ್ರವಿಲ್ಲ. ಪೀಣ್ಯ, ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ, ಎಲೆಕ್ಟ್ರಾನಿಕ್ ಸಿಟಿ, ದೇವನಹಳ್ಳಿ ಎಂದು ಕೆಲಸ ನಾಲ್ಕೂ ದಿಕ್ಕಿಗೆ ಚೆಲ್ಲಿದೆ. ಇವತ್ತಿನ ಆಫೀಸಿಗೆ ಹತ್ತಿರವೆಂದು ಅತ್ತಿಬೆಲೆಯಲ್ಲಿ ಕೊಂಡವರಿಗೆ ಮುಂದಿನ ಕೆಲಸ ಹೆಬ್ಬಾಳದಲ್ಲಿ ಸಿಗಬಹುದು. ಹತ್ತಿರದ ಮನೆಯೂ ಹಾಗೆಯೇ ದೂರದ್ದಾಗುತ್ತದೆ.

ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದಾಗ ಈ ಸಮಸ್ಯೆಗೆ ಬೇರೆ ಉತ್ತರವಿತ್ತು. ಕಾರ್ಖಾನೆಯ ಪಕ್ಕದಲ್ಲೇ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಮೈದಾನ; ಕ್ವಾರ್ಟರ್ಸ್ ಸಿಗದವರಿಗೆ ಕಾರ್ಖಾನೆಯ ಬಸ್ಸು. ದೂರವಾಣಿನಗರದ, ಜಾಲಹಳ್ಳಿಯ ಮರಗಳ ಸಾಲಿನ ರಸ್ತೆಗಳನ್ನು ಈಗಲೂ ನೋಡಬಹುದು. ನೌಕರನ ಓಡಾಟ ಮಾಲೀಕನ ಹೊಣೆಯೂ ಹೌದು ಎಂಬ ತಿಳಿವಳಿಕೆ ಅಲ್ಲಿತ್ತು. ಸಾವಿರಾರು ಜನರಿಗೆ ಕೆಲಸ ಕೊಡುವ ಇಂದಿನ ದೊಡ್ಡ ಕ್ಯಾಂಪಸ್ಸುಗಳು ಕ್ಯಾಬು ಬಸ್ಸು ಕೊಟ್ಟರೂ ಮನೆಯ ವಿಷಯಕ್ಕೆ ಬರಲಿಲ್ಲ. ಕೆಲಸ ಪದೇ ಪದೇ ಬದಲಿಸುವ ಕಾಲದಲ್ಲಿ ಕ್ವಾರ್ಟರ್ಸ್ ಮರಳಿ ಬರುವುದೂ ಕಷ್ಟ.

ಹಾಗಾಗಿ ನನ್ನ ಅಭಿಪ್ರಾಯ ಇದು. ಬಾಡಿಗೆಯವರು ಕೆಲಸದ ಬೆನ್ನು ಹತ್ತಿ ಮನೆ ಬದಲಿಸಬಹುದು, ಬದಲಿಸಲಿ. ಕೊಳ್ಳುವವರು ಇವತ್ತಿನ ಆಫೀಸನ್ನು ನೋಡಿ ಕೊಳ್ಳಬಾರದು. ಈಗಾಗಲೇ ಓಡುತ್ತಿರುವ ರೈಲು ಅಥವಾ ಮೆಟ್ರೊ ಮಾರ್ಗ, ಈಗಾಗಲೇ ಬರುತ್ತಿರುವ ನೀರು, ಖಾತೆಯ ಕಾಗದ, ನಡೆದು ಹೋಗುವಷ್ಟು ಹತ್ತಿರದ ಶಾಲೆ, ಇವನ್ನು ನೋಡಿ ಕೊಳ್ಳಬೇಕು. ಅಂಥ ಜಾಗದಲ್ಲಿ ಕೊಳ್ಳಲಾಗದಿದ್ದರೆ ದೂರದಲ್ಲಿ ಸೈಟು ಇಟ್ಟುಕೊಂಡು ನಗರದಲ್ಲಿ ಬಾಡಿಗೆಗೆ ಇರುವುದರಲ್ಲಿ ಅವಮಾನವೇನಿಲ್ಲ. ಸ್ವಂತ ಮನೆ ಎಂಬ ಆಸೆಯ ಆಳ ನನಗೆ ಗೊತ್ತಿದೆ. ಆ ಮನೆಯಲ್ಲಿ ಎಚ್ಚರವಾಗಿ ಕಳೆಯಲು ಎರಡು ಗಂಟೆಯೂ ಸಿಗದಿದ್ದರೆ ಅದಕ್ಕೆ ಇಎಂಐ ಕಟ್ಟುವುದು ನೋವಿನ ಮಾತು.

ಬಾಡಿಗೆಯವರು ಸುಲಭವಾಗಿ ಮನೆ ಬದಲಿಸಬಹುದು ಎಂದೆ. ಬೆಂಗಳೂರಿನಲ್ಲಿ ಅದನ್ನು ತಡೆಯುವುದು ಅಡ್ವಾನ್ಸು. ಐದಾರು ತಿಂಗಳ, ಎಷ್ಟೋ ಕಡೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಇಲ್ಲಿನದು. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಆ ಮಿತಿ ಇಲ್ಲಿನ ಬೀದಿಗಳಲ್ಲಿ ನಿಜವಾಗಿ ಜಾರಿಗೆ ಬಂದರೆ ಎಷ್ಟೋ ಕುಟುಂಬಗಳು ಕೆಲಸದ ಹತ್ತಿರಕ್ಕೆ ಬರಬಲ್ಲವು. ಹಳೆಯ ಮನೆಯ ಅಡ್ವಾನ್ಸು ಕೈಗೆ ಬರುವ ಮೊದಲೇ ಹೊಸ ಮನೆಗೆ ಎರಡು ಮೂರು ಲಕ್ಷ ಹೊಂದಿಸುವುದು ಹೇಗೆ ಎಂದು ತಿಳಿಯದೆ ದೂರದಲ್ಲೇ ಉಳಿದುಬಿಡುವವರಿದ್ದಾರೆ.

ನಗರ ಅಂಚಿಗೆ ಹರಡುವುದರಲ್ಲಿ ನಿಯಮಗಳ ಪಾಲೂ ಇದೆ. ಅಲೇನ್ ಬರ್ತೊ ಮತ್ತು ಜಾನ್ ಬ್ರೂಕ್ನರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರನ್ನೇ ಉದಾಹರಣೆಗೆ ತೆಗೆದುಕೊಂಡಿತ್ತು. ಒಂದು ನಿವೇಶನದಲ್ಲಿ ಎಷ್ಟು ಚದರಡಿ ಕಟ್ಟಬಹುದು ಎಂಬ ಮಿತಿಯನ್ನು ನಗರದ ನಡುಭಾಗದಲ್ಲಿ ಬಿಗಿಯಾಗಿ ಇಟ್ಟರೆ, ಅಲ್ಲಿ ಹಿಡಿಸದ ಮನೆಗಳು ಅಂಚಿಗೆ ಹೋಗುತ್ತವೆ, ಊರು ಅಗಲವಾಗುತ್ತದೆ, ಎಲ್ಲರ ಓಡಾಟ ಹೆಚ್ಚುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಎತ್ತರಕ್ಕೆ ಕಟ್ಟಿದರೆ ಚರಂಡಿ, ನೀರು, ರಸ್ತೆ ತಾಳುತ್ತವೆಯೇ ಎಂಬ ಆತಂಕ ಸುಳ್ಳಲ್ಲ. ಆ ಭಾರವನ್ನು ಹೊರವಲಯದ ಬಡಾವಣೆಗಳ ಮೇಲೆ ಹೊರಿಸಿದ್ದರಿಂದ ಅದು ಮಾಯವಾಗಲಿಲ್ಲ ಎಂಬುದೂ ಅಷ್ಟೇ ನಿಜ.

ದೂರದಲ್ಲೇ ಇರಬೇಕಾದವರಿಗೆ ಸಿಗಬಹುದಾದ ದೊಡ್ಡ ಪರಿಹಾರ ಉಪನಗರ ರೈಲು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರು, 15,767 ಕೋಟಿ ರೂಪಾಯಿಯ ಯೋಜನೆ. 2022ರ ಜೂನ್ 20ರಂದು ಅಡಿಗಲ್ಲು ಹಾಕಿದಾಗ ನಲವತ್ತು ತಿಂಗಳಲ್ಲಿ ಮುಗಿಸುವ ಮಾತು ಕೇಳಿಬಂದಿತ್ತು. ಆ ಗಡುವು 2025ರ ಅಕ್ಟೋಬರಿಗೆ ಮುಗಿಯಿತು, ಒಂದು ಮಾರ್ಗವೂ ಶುರುವಾಗಿರಲಿಲ್ಲ. ಮೇಲ್ಸೇತುವೆ, ಸುರಂಗ ರಸ್ತೆಗಳ ಬಗ್ಗೆ ನಡೆಯುವಷ್ಟು ಗದ್ದಲ ಈ ವಿಳಂಬದ ಬಗ್ಗೆ ನಡೆಯುವುದಿಲ್ಲ. ನಡೆಯಬೇಕು. ದೇವನಹಳ್ಳಿಯಿಂದಲೋ ಹೀಲಲಿಗೆಯಿಂದಲೋ ಹತ್ತು ಹದಿನೈದು ನಿಮಿಷಕ್ಕೊಂದು ರೈಲು ಸಿಗುವ ದಿನ, ಕಡಿಮೆ ಸಂಬಳದವರೂ ಅಗ್ಗದ ಮನೆಯನ್ನು ನೆಮ್ಮದಿಯಿಂದ ಆರಿಸಿಕೊಳ್ಳಬಹುದು.

ಅಲ್ಲಿಯವರೆಗೆ ನಿರ್ಧಾರ ಮನೆಯೊಳಗೇ ಆಗಬೇಕಾಗಿದೆ. ಮನೆ ನೋಡಲು ಭಾನುವಾರ ಹೋಗುತ್ತೀರಿ, ಸರಿ. ಅಡ್ವಾನ್ಸು ಕೊಡುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಅಲ್ಲಿಂದ ಆಫೀಸಿಗೆ, ಒಂದು ಶುಕ್ರವಾರ ಸಂಜೆ ಆಫೀಸಿನಿಂದ ಅಲ್ಲಿಗೆ ಹೋಗಿ ನೋಡಿ. ಎರಡರಲ್ಲಿ ಹೆಚ್ಚು ಹೊತ್ತು ಹಿಡಿದದ್ದನ್ನೇ ಬರೆದುಕೊಳ್ಳಿ, ಸರಾಸರಿ ತೆಗೆಯಬೇಡಿ. ಅಕ್ಕಪಕ್ಕದ ಮನೆಯವರನ್ನು ಏಪ್ರಿಲ್ ತಿಂಗಳಲ್ಲಿ ಎಷ್ಟು ಟ್ಯಾಂಕರು ಹಾಕಿಸಿದಿರಿ ಎಂದು ಕೇಳಿ. ರಾತ್ರಿ ಒಂಬತ್ತರ ಮೇಲೆ ಬಸ್ಸು ಇದೆಯೇ, ಸ್ಟಾಪಿನಿಂದ ಮನೆವರೆಗೆ ಬೀದಿದೀಪ ಉರಿಯುತ್ತದೆಯೇ ಎಂಬುದನ್ನು ಮನೆಯ ಹೆಣ್ಣುಮಕ್ಕಳೇ ನಡೆದು ನೋಡಲಿ. ಆಮೇಲೆ ಬಾಡಿಗೆಯ ಉಳಿತಾಯದಲ್ಲಿ ಓಡಾಟದ ಖರ್ಚು ಕಳೆದು, ಉಳಿದದ್ದನ್ನು ಮನೆಯವರೆಲ್ಲರ ಹೆಚ್ಚುವರಿ ಗಂಟೆಗಳಿಂದ ಭಾಗಿಸಿ. ಬಂದ ಅಂಕಿಯನ್ನು ಎಲ್ಲರ ಎದುರು ಇಡಿ, ಅತಿ ಮೊದಲು ಎದ್ದು ಅತಿ ಕೊನೆಗೆ ಮಲಗುವವರು ಮೊದಲು ಮಾತಾಡಲಿ. ಹನ್ನೊಂದು ತಿಂಗಳ ಕರಾರು ಮುಗಿದು ಹೊಸದು ಬರೆಸುವಾಗ ಇದನ್ನೇ ಇನ್ನೊಮ್ಮೆ ಮಾಡಿ. ಅಷ್ಟರಲ್ಲಿ ಆಫೀಸು ಬದಲಾಗಿರಬಹುದು, ಮಗು ಶಾಲೆಗೆ ಸೇರಿರಬಹುದು, ಊರಿಂದ ಅಪ್ಪ ಅಮ್ಮ ಬಂದು ನೆಲೆಸಿರಬಹುದು, ಮನೆಗೆ ಎರಡು ಕಿಲೋಮೀಟರಿನಲ್ಲಿ ಹೊಸ ನಿಲ್ದಾಣ ತೆರೆದಿರಬಹುದು.